ಕೊಂದ ಪ್ರಾಣಿಯ ಜೊತೆ ಬೇಟೆಗಾರರು ತೆಗೆಸಿಕೊಳ್ಳುವ ಫೋಟೊ ಕಂಡರೆ ಜನಕ್ಕೆ ಯಾಕಷ್ಟು ಸಿಟ್ಟು? ಹಿಂದೆ ಅದೇ ಹೆಮ್ಮೆಯ ವಿಷಯ ಆಗಿತ್ತಲ್ವಾ?

ಹೌದು, ಆಗಿತ್ತು. ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ ಹುಲಿ, ಚಿರತೆಗಳ ಚರ್ಮ ಹದ ಮಾಡಿ, ಗಾಜಿನ ಕಣ್ಣು ಕೂರಿಸಿ, ಬಾಯಿ ತೆರೆದು ಗರ್ಜಿಸುವಂತೆ ನಿಲ್ಲಿಸುತ್ತಿದ್ದರು. ಅರಮನೆ, ಬಂಗಲೆಗಳ ಗೋಡೆಗೆ ಅದೇ ಭೂಷಣ. ಆಗ ಕಾಡಿನಲ್ಲಿ ಪ್ರಾಣಿಗಳಿಗೆ ಬರವಿಲ್ಲ ಅಂತ ಹಲವರು ನಂಬಿದ್ದರು. ಹುಲಿ ಕಣ್ಮರೆಯಾಗುತ್ತಿದೆ ಅಂತ ಗೊತ್ತಾದ ಮೇಲೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆ ಹೆಮ್ಮೆಯೂ ಕರಗಿತು.

ಈಗಿನ ಸಿಟ್ಟಿಗೆ ದೊಡ್ಡ ಉದಾಹರಣೆ 2015ರದ್ದು. ಜಿಂಬಾಬ್ವೆಯ ಹ್ವಾಂಗೆ ಉದ್ಯಾನದ ಸಿಂಹ ಸೆಸಿಲ್‌ನನ್ನು ಅಮೆರಿಕದ ದಂತವೈದ್ಯನೊಬ್ಬ ಉದ್ಯಾನದ ಗಡಿಯಾಚೆ ಕೊಂದ. ಮೊದಲು ಬಾಣ ತಾಗಿತು. ಪಾಪ, ಪ್ರಾಣಿ ಗಂಟೆಗಟ್ಟಲೆ ಗಾಯದಲ್ಲೇ ಇತ್ತು. ಕೊರಳಲ್ಲಿ, ಓಡಾಟ ಗಮನಿಸಲು ಸಂಶೋಧಕರು ತೊಡಿಸಿದ್ದ ಕಾಲರ್ ಇತ್ತು. ಹೆಸರಿದ್ದ, ಪ್ರವಾಸಿಗರಿಗೆ ಪರಿಚಯವಿದ್ದ ಪ್ರಾಣಿ ಅದು. ಜನ ಆ ದಂತವೈದ್ಯನ ಕ್ಲಿನಿಕ್ ಬಾಗಿಲಿಗೆ ಆಟಿಕೆ ಸಿಂಹಗಳನ್ನು ತಂದಿಟ್ಟು ಪ್ರತಿಭಟಿಸಿದರು. ಕೆಲವು ವಿಮಾನ ಕಂಪನಿಗಳು ಸಿಂಹ, ಆನೆಗಳಂಥ ಪ್ರಾಣಿಗಳ ಟ್ರೋಫಿ (ಬೇಟೆಯ ನೆನಪಿಗೆ ಇಟ್ಟುಕೊಳ್ಳುವ ತಲೆ, ಚರ್ಮ ಇತ್ಯಾದಿ) ಸಾಗಿಸುವುದನ್ನೇ ನಿಲ್ಲಿಸಿದವು.

ನನ್ನ ಪ್ರಕಾರ ಕೊಲ್ಲುವುದಕ್ಕಿಂತ ಜಾಸ್ತಿ ಚುಚ್ಚುವುದು ಆ ನಗು. ಸತ್ತ ತಲೆಯನ್ನು ಎತ್ತಿ ಹಿಡಿದು, ಪಕ್ಕದಲ್ಲಿ ಬಂದೂಕು ಒರಗಿಸಿ, ಕ್ಯಾಮೆರಾ ನೋಡಿ ನಗುವುದು. ಹೊಟ್ಟೆಪಾಡಿಗೆ ಬೇಟೆಯಾಡುವವರನ್ನೋ ಬೆಳೆ ಉಳಿಸಿಕೊಳ್ಳಲು ಹೆಣಗುವ ರೈತರನ್ನೋ ಜನ ಇಷ್ಟು ಬೈಯುವುದಿಲ್ಲ.

ಬೇಟೆಯ ಪರ ವಾದವೂ ಇದೆ. ನಮೀಬಿಯಾದಲ್ಲಿ ಬೇಟೆ ಶುಲ್ಕದ ಹಣ ಊರಿನವರ ಸಂರಕ್ಷಣಾ ಸಂಘಗಳಿಗೆ ಹೋಗುತ್ತದೆ. ಅದನ್ನು ಸುಮ್ನೆ ತಳ್ಳಿಹಾಕಲಾಗದು. ಆದರೆ ಶುಲ್ಕ ಕಟ್ಟಲು ಹೆಣದ ಜೊತೆ ಫೋಟೊ ಬೇಕಿಲ್ಲ.