ಓದುಗರ ಪ್ರಶ್ನೆ: ಮೋಟೊಕ್ರಾಸ್ ಎಂಜಿನ್ನಿಗೆ ಎಷ್ಟು ತಾಸಿನ ಆಯುಷ್ಯ?

ಪ್ರಶ್ನೆ: ಹೊಸ ವಿನ್ಯಾಸದ 250 ಸಿಸಿ ಫೋರ್ ಸ್ಟ್ರೋಕ್ ಮೋಟೊಕ್ರಾಸ್ ಬೈಕ್ ತಗೊಂಡೀನ್ರಿ. ಪುಸ್ತಕದಾಗ 15 ತಾಸಿಗೆ ಪಿಸ್ಟನ್ ಬದಲಿಸ್ರಿ ಅಂತ ಐತಿ. ಇಷ್ಟು ಲಗೂ ಸವೀತದ ಅಂದ್ರ ಹೊಸ ಎಂಜಿನ್ನಿನಾಗ ಏನರೆ ದೋಷ ಐತೇನು? ವಾರಕ್ಕ ಮೂರು ತಾಸು ಓಡಸ್ತೀನಿ.
— ಓದುಗರು, ಗೋಕಾಕ

ಉತ್ತರ: ದೋಷವಿಲ್ಲ. ಮಣ್ಣಿನ ಟ್ರ್ಯಾಕಿನ ರೇಸಿಗೆಂದೇ ಮಾಡಿದ ಮೋಟೊಕ್ರಾಸ್ ಬೈಕಿನ ಲೆಕ್ಕವೇ ಬೇರೆ. ಉದಾಹರಣೆಗೆ, ಇದೇ ವರ್ಗದ ಕವಾಸಾಕಿ ಕೆಎಕ್ಸ್ 250ರ ಸ್ಟ್ರೋಕ್ (ಪಿಸ್ಟನ್ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗುವ ದೂರ) 52.2 ಮಿ.ಮೀ. ಎಂಜಿನ್ 14,000 ಆರ್‌ಪಿಎಂನಲ್ಲಿ ತಿರುಗುವಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 24 ಮೀಟರ್ ದಾಟುತ್ತದೆ. 49.5 ಮಿ.ಮೀ. ಸ್ಟ್ರೋಕಿನ ಸ್ಪ್ಲೆಂಡರಿನಲ್ಲಿ, 8,000 ಆರ್‌ಪಿಎಂಗೆ, ಅದು 13 ಮೀಟರ್. ಮೇಲಾಗಿ ಮೋಟೊಕ್ರಾಸ್ ಪಿಸ್ಟನ್ನಿನ ಸ್ಕರ್ಟು (ಕೆಳಭಾಗದ ಗೋಡೆ) ತೀರಾ ಗಿಡ್ಡ, ರಿಂಗು ಕಡಿಮೆ, ಎಣ್ಣೆ ಹೆಚ್ಚುಕಡಿಮೆ ಒಂದು ಲೀಟರ್.

ಪುಸ್ತಕದ 15 ತಾಸು ರೇಸಿನಲ್ಲಿ ಪೂರ್ತಿ ಥ್ರಾಟಲ್ ಹಿಡಿಯುವವರಿಗೆ ಬರೆದದ್ದು. ಹವ್ಯಾಸಕ್ಕೆ ಓಡಿಸುವವರು ಅದನ್ನು ಹಿಗ್ಗಿಸಬಹುದು. ಆದರೆ ಅಂದಾಜಿನಿಂದ ಬೇಡ, ಅಳೆದು ಹಿಗ್ಗಿಸಿ. ಮೊದಲು ಎಂಜಿನ್ ಓಡಿದ ತಾಸು ಎಣಿಸುವ ಅವರ್ ಮೀಟರ್ ಹಾಕಿಸಿ. ಪ್ರತಿ 5 ತಾಸಿಗೆ ಎಣ್ಣೆ ಬದಲಿಸಿ, ಎಂಜಿನ್ ಬೆಚ್ಚಗಿರುವಾಗಲೇ ಇಳಿಸಿ. ಕ್ಲಚ್ಚೂ ಅದೇ ಎಣ್ಣೆಯಲ್ಲಿ ಮುಳುಗಿರುವ ಎಂಜಿನ್ನಾದರೆ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (ಇಂಥ ಕ್ಲಚ್ಚಿಗೆ ಹೊಂದುವ ಎಣ್ಣೆಯ ಜಪಾನಿ ದರ್ಜೆ) ಎಂದಿರಲೇಬೇಕು. ಕಾರಿನ ಎಣ್ಣೆ ಹಾಕಿದರೆ ಕ್ಲಚ್ ಜಾರಬಹುದು. ಡ್ರೇನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದುಬಣ್ಣದ ನುಣ್ಣನೆ ಪುಡಿ ಅಂಟಿದ್ದರೆ ಅದು ಗೇರಿನ ಸವೆತ, ಗಾಬರಿ ಬೇಡ. ಅಯಸ್ಕಾಂತಕ್ಕೆ ಅಂಟದ ಹೊಳೆಯುವ ಚೂರು ಕಂಡರೆ ಅದು ಅಲ್ಯೂಮಿನಿಯಂ; ಬೈಕ್ ಅಲ್ಲಿಗೇ ನಿಲ್ಲಿಸಿ.

15 ತಾಸಿಗೊಮ್ಮೆ ಲೀಕ್‌ಡೌನ್ ಪರೀಕ್ಷೆ (ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆ ಎಂದು ನೋಡುವುದು) ಮಾಡಿಸಿ. ಬರೀ ಕಂಪ್ರೆಷನ್ ಗೇಜನ್ನು ನಂಬಬೇಡಿ: ಸುಲಭವಾಗಿ ಸ್ಟಾರ್ಟ್ ಆಗಲೆಂದು ವಾಲ್ವು ತೆರೆಯುವ ಕ್ಯಾಮಿನ ಮೇಲಿರುವ ಡಿಕಂಪ್ರೆಸರ್ ನಿಧಾನ ತಿರುಗುವಾಗ ಎಕ್ಸಾಸ್ಟ್ ವಾಲ್ವನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ, ಗೇಜು ಕಡಿಮೆ ತೋರಿಸುತ್ತದೆ. ಲೀಕ್‌ಡೌನಿಗೆ ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು, ಗೇರಿಗೆ ಹಾಕಿ ಹಿಂಬ್ರೇಕ್ ಒತ್ತಿ ಹಿಡಿದು, ಪ್ಲಗ್ಗಿನ ತೂತಿನಿಂದ 100 ಪಿಎಸ್‌ಐ ಗಾಳಿ ಬಿಡಬೇಕು. ಸಿಲಿಂಡರಿನೊಳಗೆ ಉಳಿದ ಒತ್ತಡ ತೋರಿಸುವ ಎರಡನೇ ಗೇಜು 90ರ ಮೇಲಿದ್ದರೆ ಎಂಜಿನ್ ಗಟ್ಟಿ ಇದೆ. 80ಕ್ಕಿಂತ ಇಳಿದರೆ ಕಿವಿ ಕೊಟ್ಟು ಕೇಳಿ. ಎಣ್ಣೆ ಹಾಕುವ ಬಾಯಿಂದ ಸುಸ್ಸೆಂದರೆ ರಿಂಗು, ಸೈಲೆನ್ಸರಿನಿಂದಾದರೆ ಎಕ್ಸಾಸ್ಟ್ ವಾಲ್ವು, ಥ್ರಾಟಲ್ ಬಾಡಿಯಿಂದಾದರೆ ಇನ್‌ಟೇಕ್ ವಾಲ್ವು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಹೊಸ ವಿನ್ಯಾಸದ ನಿಜವಾದ ತೊಡಕು ಬಿಡಿಭಾಗ. ಹಳೆ ಮಾಡೆಲಿನ ಪಿಸ್ಟನ್, ಗ್ಯಾಸ್ಕೆಟ್ ನೋಡಲು ಹೊಸದರಂತೆಯೇ ಇದ್ದರೂ ಕೂಡದಿರಬಹುದು. ಫ್ರೇಮ್ ನಂಬರು ಕೊಟ್ಟು ಪಾರ್ಟ್ ನಂಬರು ತಾಳೆ ನೋಡಿಯೇ ತರಿಸಿ. ಆ ನಂಬರಿನ ಮೇಲೆ ರೀಕಾಲ್ ಇದೆಯೇ ಎಂದೂ ಡೀಲರಿಗೆ ಕೇಳಿ. ಪಿಸ್ಟನ್, ರಿಂಗ್, ಪಿನ್ನು, ಅದನ್ನು ಹಿಡಿದಿಡುವ ಸರ್‌ಕ್ಲಿಪ್, ಗ್ಯಾಸ್ಕೆಟ್ ಸೆಟ್, ಟೈಮಿಂಗ್ ಚೈನ್ ಒಂದೊಂದು ಮನೆಯಲ್ಲಿರಲಿ. ಸರ್‌ಕ್ಲಿಪ್ಪನ್ನು ಎರಡನೇ ಸಲ ಹಾಕಲೇಬೇಡಿ.

ಪ್ರಶ್ನೆ: ನನ್ನ ಮೋಟೊಕ್ರಾಸ್ ಬೈಕ್ ತಣ್ಣಗಿದ್ದಾಗ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಟ್ಯಾಪೆಟ್ ಬಿಗಿಯಾಗಿದೆ ಎಂದು ಮೆಕ್ಯಾನಿಕ್ ಎರಡು ಸಲ ಶಿಮ್ (ವಾಲ್ವಿನ ಗ್ಯಾಪು ಹೊಂದಿಸುವ ಬಿಲ್ಲೆ) ಬದಲಿಸಿದ್ದಾರೆ. ಈಗ ವಾಲ್ವ್ ಗ್ರೈಂಡಿಂಗ್ ಮಾಡೋಣ ಎನ್ನುತ್ತಾರೆ.
— ಓದುಗರು, ಇಂಡಿ

ಉತ್ತರ: ದಯವಿಟ್ಟು ಗ್ರೈಂಡಿಂಗ್ ಮಾಡಿಸಬೇಡಿ. ನಿಮ್ಮ ಬೈಕಿನಲ್ಲಿ ಟೈಟಾನಿಯಂ ವಾಲ್ವುಗಳಿದ್ದರೆ ಅವುಗಳ ಮೇಲೆ ತೆಳುವಾದ ಗಟ್ಟಿ ಲೇಪ ಇರುತ್ತದೆ. ಪೇಸ್ಟ್ ಹಚ್ಚಿ ಉಜ್ಜಿದರೆ ಆ ಲೇಪವೇ ಹೋಗುತ್ತದೆ, ಕೆಲವೇ ತಾಸಿನಲ್ಲಿ ವಾಲ್ವು ಮತ್ತೆ ಒಳಗೆ ಸರಿಯುತ್ತದೆ.

ವಾಲ್ವಿನ ಮುಖ ಸವೆದಂತೆ ಅದು ಸೀಟಿನೊಳಗೆ ಕುಳಿತು ಕ್ಯಾಮಿಗೂ ವಾಲ್ವಿಗೂ ನಡುವಿನ ಗ್ಯಾಪು ಕಡಿಮೆಯಾಗುತ್ತದೆ. ಕೊನೆಗೆ ವಾಲ್ವು ಪೂರ್ತಿ ಮುಚ್ಚುವುದೇ ಇಲ್ಲ; ಸ್ಟಾರ್ಟ್ ಆಗದಿರುವುದು ಅದಕ್ಕೇ. ಎಂಜಿನ್ ತಣ್ಣಗಿದ್ದಾಗ ಫೀಲರ್ ಗೇಜಿನಲ್ಲಿ ಅಳೆಯಿರಿ. 0.13 ಮಿ.ಮೀ. ಇರಬೇಕಾದಲ್ಲಿ 0.08 ಬಂದು, ಒಳಗಿನ ಶಿಮ್ 1.80 ಇದ್ದರೆ 1.75ರದು ಬೇಕು. ಒಮ್ಮೆ ಶಿಮ್ ಹಾಕುವುದು ಸರಿ. ಐದಾರು ತಾಸಿನಲ್ಲೇ ಮತ್ತೆ ಬಿಗಿದರೆ ವಾಲ್ವಿನ ಕೆಲಸ ಮುಗಿದಿದೆ ಎಂದರ್ಥ. ಹೊಸ ವಾಲ್ವು, ಅದಕ್ಕೆ ತಕ್ಕ ಸ್ಪ್ರಿಂಗು ಹಾಕಿ, ಸೀಟನ್ನು ಕಟರಿನಿಂದ ಹದ ಮಾಡಿಸಬೇಕು.

ಇಷ್ಟು ಬೇಗ ಸವೆಯಲು ಕಾರಣ ಹೆಚ್ಚಾಗಿ ಧೂಳು. ನಿಮ್ಮ ಭಾಗದ ಎರೆಮಣ್ಣು ಬೇಸಿಗೆಯಲ್ಲಿ ಹಿಟ್ಟಿನಷ್ಟು ನುಣ್ಣಗಾಗುತ್ತದೆ. ಎಣ್ಣೆ ಆರಿದ ಫೋಮ್ ಫಿಲ್ಟರು ಅದನ್ನು ತಡೆಯಲಾರದು. ಓಡಿಸಿದ ದಿನವೇ ಫಿಲ್ಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ಜಾಲಾಡಿ, ಆಮೇಲೆ ಸಾಬೂನು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಪೆಟ್ರೋಲಿನಲ್ಲಿ ತೊಳೆದರೆ ಅಂಟು ಬಿಡುತ್ತದೆ. ಹಿಂಡಿ ತಿರುಚಿದರೆ, ಕಂಪ್ರೆಸರ್ ಗಾಳಿ ಹೊಡೆದರೆ ಫೋಮು ಹರಿಯುತ್ತದೆ. ಒಣಗಿದ ಮೇಲೆ ಫಿಲ್ಟರಿನ ಎಣ್ಣೆಯನ್ನು ಬಣ್ಣ ಎಲ್ಲ ಕಡೆ ಒಂದೇ ಸಮ ಕಾಣುವಂತೆ ಅದುಮಿ ಅದುಮಿ ಹಚ್ಚಿ. ಅಂಚಿಗೆ ಗ್ರೀಸ್ ಬಳಿಯಲು ಮರೆಯಬೇಡಿ. ಎಷ್ಟೋ ಎಂಜಿನ್ನುಗಳು ಹಾಳಾಗುವುದು ಆ ಅಂಚಿನ ಸಂದಿಯಿಂದಲೇ. ಮುಂದಿನ ಸಲ ಬಿಚ್ಚಿದಾಗ ಒಳಕೊಳವೆಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಮಣ್ಣು ಹತ್ತಿದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ.

ಪ್ರಶ್ನೆ: ಸಿಲಿಂಡರಿನಲ್ಲಿ ಗೀರು ಬಿದ್ದಿವೆ. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದೇ?
— ಓದುಗರು, ಬೆಳಗಾವಿ

ಉತ್ತರ: ಬೇಡ. ಹಳೆ ಬುಲೆಟ್ಟಿನ ಬೀಡು ಕಬ್ಬಿಣದ ಬೋರಿಗೆ ಹೊಂದುವ ಕ್ರಮ ಇದಕ್ಕೆ ಹೊಂದದು. ಇದು ಅಲ್ಯೂಮಿನಿಯಂ ಸಿಲಿಂಡರು. ಒಳಗೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ತೆಳು ಲೇಪವಿದೆ. ಬೋರ್ ಹೊಡೆದರೆ ಲೇಪ ಹೋಗಿ ರಿಂಗು ಬರೀ ಅಲ್ಯೂಮಿನಿಯಂ ಮೇಲೆ ಉಜ್ಜುತ್ತದೆ. ಗೀರಿನ ಮೇಲೆ ಉಗುರು ಅಡ್ಡ ಆಡಿಸಿ ನೋಡಿ. ಉಗುರು ಸಿಕ್ಕದಿದ್ದರೆ ಬೋರಿನ ಅಳತೆ ತೆಗೆಸಿ, ಪುಸ್ತಕದ ಮಿತಿಯೊಳಗಿದ್ದರೆ ಹಾಗೆಯೇ ಬಳಸಬಹುದು. ಸಿಕ್ಕಿದರೆ ಮರುಲೇಪನ, ಇಲ್ಲವೇ ಹೊಸ ಸಿಲಿಂಡರು. ಉದ್ಯಮಬಾಗದ ಒಳ್ಳೆಯ ಕೈಗಳಿಗೆ ಬೇರೆ ಕೆಲಸ ಕೊಡಿ: ಕ್ರ್ಯಾಂಕನ್ನು ಡಯಲ್ ಗೇಜಿಟ್ಟು ಸೆಂಟರ್ ನೋಡಿಸುವುದು, ಕನೆಕ್ಟಿಂಗ್ ರಾಡಿನ ಬೇರಿಂಗ್ ಪ್ರೆಸ್ ಮಾಡಿಸುವುದು.

ಪ್ರಶ್ನೆ: ಏಪ್ರಿಲ್, ಮೇ ಬಿಸಿಲಲ್ಲಿ ಕೂಲಂಟ್ ಉಕ್ಕಿ ಹೊರಬರುತ್ತದೆ. ನೀರು ಹಾಕಿದರೆ ನಡೆಯುತ್ತದೆಯೇ?
— ಓದುಗರು, ಬಾಗಲಕೋಟೆ

ಉತ್ತರ: ಬೋರ್‌ವೆಲ್ ನೀರು ಖಂಡಿತ ಬೇಡ, ರೇಡಿಯೇಟರಿನಲ್ಲಿ ಸುಣ್ಣ ಕಟ್ಟುತ್ತದೆ. ಅರ್ಧ ಎಥಿಲಿನ್ ಗ್ಲೈಕಾಲ್, ಅರ್ಧ ಡಿಸ್ಟಿಲ್ಡ್ ನೀರು ಹಾಕಿ. ಇಂಥ ಬೈಕುಗಳಲ್ಲಿ ಸಾಮಾನ್ಯವಾಗಿ ಫ್ಯಾನ್ ಇರುವುದಿಲ್ಲ. ನಿಂತಲ್ಲೇ ಎಂಜಿನ್ ಚಾಲೂ ಇಟ್ಟರೆ ಉಕ್ಕುವುದೇ. ಎರಡೂ ರೇಡಿಯೇಟರ್ ಕೈಗೆ ಬೆಚ್ಚಗೆ ಹತ್ತುವವರೆಗೆ ಕಾದು ಹೊರಡಿ, ನಿಲ್ಲಿಸಬೇಕಾದಾಗ ಆಫ್ ಮಾಡಿ. ಓಡುವಾಗಲೂ ಉಕ್ಕಿದರೆ ರೇಡಿಯೇಟರಿನ ಜಾಲರಿಯಲ್ಲಿ ಮಣ್ಣು ತುಂಬಿದೆಯೇ, ಮುಚ್ಚಳದ ರಬ್ಬರ್ ಗಟ್ಟಿಯಾಗಿದೆಯೇ ನೋಡಿ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಕೂಲಂಟ್ ಹನಿಯುತ್ತಿದ್ದರೆ ಸೀಲು ಹೋಗಿದೆ. ಆ ತೂತಿಗೆ ಎಂಸೀಲ್ ಮೆತ್ತಬೇಡಿ. ದಾರಿ ಮುಚ್ಚಿದರೆ ಕೂಲಂಟ್ ಎಂಜಿನ್ ಎಣ್ಣೆಗೆ ಸೇರಿ ಎಣ್ಣೆ ಹಾಲುಮಜ್ಜಿಗೆಯಂತಾಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಎರಡು ತಿಂಗಳು ಬೈಕ್ ತೆಗೆಯುವುದಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬಹುದೇ?
— ಓದುಗರು, ಖಾನಾಪುರ

ಉತ್ತರ: ಖಾಲಿ ಮಾಡಿ. ಈಗಿನ ಪೆಟ್ರೋಲಿನ ಎಥನಾಲ್ ಗಾಳಿಯ ತೇವ ಹೀರುತ್ತದೆ. ಹೆಚ್ಚಾದರೆ ನೀರು, ಎಥನಾಲ್ ಕೂಡಿ ತಳಕ್ಕೆ ಇಳಿಯುತ್ತವೆ. ಸ್ಟಾರ್ಟ್ ಮಾಡಿದಾಗ ಪಂಪು ಮೊದಲು ಎಳೆಯುವುದು ಅದನ್ನೇ. ಬ್ಯಾಟರಿ ಬಿಚ್ಚಿಡಿ, ಹಳೆ ಎಣ್ಣೆ ಇಳಿಸಿ ಹೊಸದು ತುಂಬಿ, ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ. ಮತ್ತೆ ಸ್ಟಾರ್ಟ್ ಮಾಡುವಾಗ ಆ ಬಟ್ಟೆ ತೆಗೆಯುವುದು ನೆನಪಿರಲಿ. ಹ್ಯಾಂಡಲ್ಲಿಗೆ ಒಂದು ಚೀಟಿ ಕಟ್ಟಿಡಿ.