ಅಳಿಯನ ಎಲೆಗೆ ಐದನೇ ಕಡುಬು

(ನನ್ನ ಹತ್ತಿರ ಸಲಹೆಗೆ ಬಂದ ಗಂಡ ಹೆಂಡತಿಯ ಪ್ರಕರಣ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಮನೆಯ ಕೆಲವು ವಿವರ ಬದಲಿಸಿದ್ದೇನೆ.)

ಜುಲೈ ಕೊನೆಯ ವಾರ. ಹಾಸನದಲ್ಲಿ ಬಿಡದ ಜಡಿಮಳೆ. ಗಂಡ ಹೆಂಡತಿ ಇಬ್ಬರೂ ಛತ್ರಿ ಮಡಚಿ ಒಳಗೆ ಬಂದು ಕೂತರು. ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ವಯಸ್ಸು 42. ಮಾತು ಶುರು ಮಾಡಿದ್ದು ಹೆಂಡತಿ.

"ಮೇಡಂ, ರಜೆಗೆ ನಮ್ಮಮ್ಮನ ಮನೆಗೆ ಹೋಗಿ ಬಂದ್ರೆ ಸಾಕು, ಇವರು ಎರಡು ತಿಂಗಳು ಯಾರ ಹತ್ತಿರಾನೂ ಸರಿಯಾಗಿ ಮಾತಾಡಲ್ಲ."

ತವರು ಮೂಡಿಗೆರೆ ಕಡೆ, ಕಾಫಿ ತೋಟದ ಮನೆ. ದಸರಾ ರಜೆ, ಬೇಸಿಗೆ ರಜೆ, ಎರಡಕ್ಕೂ ಅಲ್ಲಿಗೆ ಹೋಗುವುದು ರೂಢಿ. ಮೇಷ್ಟ್ರಿಗೆ ಎರಡು ವರ್ಷದ ಹಿಂದೆ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.1 ಬಂದಿತ್ತು. ಇದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ. 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಅಂತ ಅರ್ಥ. ಡಾಕ್ಟರು ತೂಕ ಇಳಿಸಿ ಅಂದರು. ಮೇಷ್ಟ್ರು ಛಲದಿಂದ ಇಳಿಸಿದರು. ಪ್ರತಿ ರಜೆಗೂ ಮತ್ತೆ ಏರಿತು. ಕೊನೆಗೆ ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟರು. "ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದರು. ಅವತ್ತು ಅವರು ಆಡಿದ ಮೊದಲ ಮಾತು ಅದೇ.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಏನು ತಿನ್ನಬೇಕು, ಏನು ಬಿಡಬೇಕು ಅನ್ನುವುದರ ಬಗ್ಗೆಯೇ ಜಾಸ್ತಿ ಮಾತಾಡಿದೆ. ಹೆಂಡತಿ ತಲೆಯಾಡಿಸಿದರು. ಮೇಷ್ಟ್ರು ಕಿಟಕಿ ನೋಡುತ್ತಾ ಕೂತಿದ್ದರು. ಅದೆಲ್ಲ ಅವರಿಗೆ ಆಗಲೇ ಗೊತ್ತಿತ್ತು.

ಎರಡನೇ ಸಲ ಒಬ್ಬರೇ ಬಂದರು. ಈ ಸಲ ನಾನು ಬರೀ ಕೇಳಿದೆ. ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಏನಾಗುತ್ತೆ, ಇಲ್ಲೇ ಮಾಡಿ ತೋರಿಸಿ ಅಂದೆ. ಮೇಜಿನ ಮೇಲಿದ್ದ ದೊಡ್ಡ ಬಿಳಿ ಹಾಳೆಯನ್ನು ಬಾಳೆ ಎಲೆಯ ಹಾಗೆ ಮುಂದೆ ಹಾಸಿಕೊಂಡರು. "ನಾಲ್ಕು ಕಡುಬು ಮುಗಿದಿರುತ್ತೆ. ಅತ್ತೆ ಹಿಂದೆ ನಿಂತಿರ್ತಾರೆ. ನಾನು ಹೀಗೆ ಕೈ ಅಡ್ಡ ಇಡ್ತೀನಿ." ಎರಡೂ ಅಂಗೈ ಹಾಳೆಯ ಮೇಲೆ ಚಾಚಿದರು. ಎಡಗಡೆ ಒಂದು ಮೂಲೆ ಖಾಲಿ ಉಳಿದಿತ್ತು. "ಅಲ್ಲಿಗೆ ಬೀಳುತ್ತೆ ಐದನೇದು. ಅದರ ಮೇಲೆ ಕೋಳಿ ಸಾರು. ಬಿದ್ದ ಮೇಲೆ ಬಿಡೋಕಾಗುತ್ತಾ?"

ಯಾಕೆ ಆಗಲ್ಲ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ಹುಟ್ಟಿದ್ದು ಅರಸೀಕೆರೆ ಕಡೆಯ ಬಯಲುಸೀಮೆಯಲ್ಲಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮನೆಯಲ್ಲಿ ಎರಡು ಹೊತ್ತೂ ಮುದ್ದೆ, ನೀರುನೀರು ಸಾರು. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಅಪ್ಪ ಎದ್ದು ಹೊಡೆಯುತ್ತಿದ್ದರಂತೆ. ತೋಟದ ಮನೆಯ ಹೆಣ್ಣು ತಂದಾಗ, ಆ ಮನೆಯವರ ಮುಂದೆ ತಾವು ಸಣ್ಣವರು ಅನ್ನುವ ಅಳುಕು ಅವರ ಅಪ್ಪನಿಗಿತ್ತು. ಮಗನಿಗೂ ಅದು ಅಂಟಿಕೊಂಡಿತ್ತು. ಬಡಿಸಿದ್ದನ್ನು ಬೇಡ ಅಂದರೆ ಸೊಕ್ಕು ಅಂದುಕೊಂಡಾರು, ಎಲೆಯಲ್ಲಿ ಬಿಟ್ಟರೆ ಅನ್ನಕ್ಕೆ ಅವಮಾನ. ಹದಿನಾಲ್ಕು ವರ್ಷ ಈ ಎರಡರ ಮಧ್ಯೆ ಕೂತು ಊಟ ಮಾಡಿದ್ದಾರೆ. ಇವರಿಗೆ 'ನಾಲಿಗೆ ಹಿಡಿತದಲ್ಲಿಡಿ' ಅಂತ ಬುದ್ಧಿ ಹೇಳುವುದು ಅನ್ಯಾಯ ಅಲ್ವಾ?

ಹೊರಡುವ ಮುಂಚೆ ಬ್ಯಾಗಿನಿಂದ ಒಂದು ಗ್ರಾಫ್ ಪುಸ್ತಕ ತೆಗೆದರು. ಎರಡು ವರ್ಷದ ತೂಕವನ್ನು ಚುಕ್ಕೆ ಇಟ್ಟು ಗೆರೆ ಎಳೆದಿದ್ದಾರೆ. ರಜೆಗಳಿಗೆ ಕೆಂಪು ಶಾಯಿ. ಆ ಕೆಂಪು ಬಿಟ್ಟರೆ ಅವರ ಕಣ್ಣಿಗೆ ಬೇರೇನೂ ಬಿದ್ದಿರಲಿಲ್ಲ.

ನಾವಿಬ್ಬರೂ ಹಿಂದಿನ ದಸರಾ ರಜೆಯ ಚುಕ್ಕೆಗಳನ್ನು ಒಂದೊಂದಾಗಿ ನೋಡಿದೆವು. ಹೊರಡುವ ಮುಂಚೆ 84.2. ಐದು ದಿನ ಇದ್ದು ವಾಪಸ್ ಬಂದ ಬೆಳಿಗ್ಗೆ 87.3. ಒಂಬತ್ತು ದಿನ ಆದಮೇಲೆ 85.0. ಜನವರಿ ಮೊದಲ ವಾರಕ್ಕೆ 88.1.

"ಮೇಷ್ಟ್ರೇ, ಒಂದು ಕೆಜಿ ಕೊಬ್ಬು ಕೂಡಬೇಕಾದರೆ ಹತ್ತಿರಹತ್ತಿರ 7,700 ಕ್ಯಾಲೊರಿ ಜಾಸ್ತಿ ತಿನ್ನಬೇಕು. 3.1 ಕೆಜಿಗೆ ಲೆಕ್ಕ ಹಾಕಿ" ಅಂದೆ. ಪೆನ್ನು ತೆಗೆದರು. ಐದು ದಿನಕ್ಕೆ ಹಂಚಿದಾಗ ದಿನಕ್ಕೆ ಸುಮಾರು 4,800 ಬಂತು. ಮಾಮೂಲಿ ಊಟದ ಮೇಲೆ, ದಿನಾ ಅರ್ಧ ಕೆಜಿಗಿಂತ ಜಾಸ್ತಿ ತುಪ್ಪ ಕುಡಿದ ಲೆಕ್ಕ. ಯಾವ ಅತ್ತೆಯೂ ಅಷ್ಟು ಬಡಿಸಲಾರರು. ಅಂದರೆ ಆ ಮೂರು ಕೆಜಿಯಲ್ಲಿ ಬಹುಪಾಲು ನೀರು. ಅಕ್ಕಿಯ ಪಿಷ್ಟವನ್ನು ದೇಹ ಗ್ಲೈಕೋಜನ್ ಮಾಡಿ ಸ್ನಾಯುವಿನಲ್ಲಿ, ಯಕೃತ್ತಿನಲ್ಲಿ ಕೂಡಿಡುತ್ತೆ. ಒಂದೊಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ನಿಲ್ಲುತ್ತೆ. ಉಪ್ಪಿನಕಾಯಿ, ಹಪ್ಪಳದ ಉಪ್ಪು ಇನ್ನಷ್ಟು ನೀರು ಹಿಡಿಯುತ್ತೆ. ಜೊತೆಗೆ, 'ಹೊಟ್ಟೆಯಲ್ಲಿ ಜಾಗ ಇರಲಿ' ಅಂತ ರಜೆಗೆ ಮುಂಚಿನ ವಾರ ರಾತ್ರಿಯೂಟ ಬಿಟ್ಟಿದ್ದರು. ಆಗ ಖಾಲಿಯಾಗಿದ್ದೆಲ್ಲ ಅಲ್ಲಿ ತುಂಬಿಕೊಂಡಿದೆ. ಮಾಮೂಲಿ ಊಟಕ್ಕೆ ಮರಳಿದರೆ ಆ ನೀರು ತಾನಾಗಿ ಇಳಿಯುತ್ತೆ.

ಹಾಗಾದರೆ 85.0 ಇದ್ದದ್ದು 88.1 ಆಗಿದ್ದು ಯಾವಾಗ? ಮಾವನ ಮನೆಯಲ್ಲಲ್ಲ. ಹಾಸನದಲ್ಲಿ, ನವೆಂಬರ್ ಡಿಸೆಂಬರಿನಲ್ಲಿ. ತಕ್ಕಡಿ ನೋಡಿ ಗಾಬರಿಯಾದವರು ಮಹಾರಾಜ ಪಾರ್ಕಿನ ವಾಕಿಂಗ್ ನಿಲ್ಲಿಸಿದ್ದರು. 'ಹೇಗೂ ಕೆಟ್ಟಿತು' ಅಂತ. ಹಗಲೆಲ್ಲ ಬರೀ ಗಂಜಿ. ಸಂಜೆ ಸ್ಕೂಲು ಬಿಟ್ಟಾಗ ತಡೆಯಲಾರದ ಹಸಿವು. ಬೇಕರಿ ಮುಂದೆ ಬೈಕಿನ ಮೇಲೆ ಕೂತೇ ಎರಡು ಖಾರಾ ಬನ್, ಬೆಣ್ಣೆ ಬಿಸ್ಕತ್ತು. ಮನೆಗೆ ಬಂದು ಯಾರಿಗೂ ಹೇಳುತ್ತಿರಲಿಲ್ಲ. ಮೇಷ್ಟ್ರು ಗ್ರಾಫನ್ನು ತುಂಬ ಹೊತ್ತು ನೋಡಿದರು. ಆಮೇಲೆ ಕೆಂಪು ಗುರುತಿನ ಬಲಕ್ಕೆ, ಏನೂ ಬರೆಯದೆ ಬಿಟ್ಟಿದ್ದ ಎಂಟು ವಾರದ ಮೇಲೆ ಬೆರಳಿಟ್ಟು, "ಇದು ನಾನು ನೋಡೇ ಇರ್ಲಿಲ್ಲ" ಎಂದರು.

ತಿಂದದ್ದನ್ನು ಬೇಕಂತ ವಾಂತಿ ಮಾಡುವುದು, ಭೇದಿ ಮಾತ್ರೆ ನುಂಗುವುದು ಇದೆಯಾ ಅಂತ ನೇರವಾಗಿ ಕೇಳಿದೆ. ಇರಲಿಲ್ಲ. ಇದ್ದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇದನ್ನು ಓದುವವರಲ್ಲಿ ಯಾರಿಗಾದರೂ ಹಾಗಿದ್ದರೆ, ಅಥವಾ ಕದ್ದು ತಿಂದು ಹಿಂಸೆ ಪಡುವುದು ವಾರವಾರವೂ ನಡೆಯುತ್ತಿದ್ದರೆ, ದಯವಿಟ್ಟು ತಡ ಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ.

ವಾಕಿಂಗ್ ಬಗ್ಗೆ ಒಂದು ಮಾತು ಅವರಿಗೆ ನಾಟಿತು. 2006ರಲ್ಲಿ ಪ್ರಕಟವಾದ ಚೆನ್ನೈನ ಒಂದು ಅಧ್ಯಯನದಲ್ಲಿ ಇವರ ಹಾಗೆ ಹೊಸ್ತಿಲಲ್ಲಿದ್ದವರನ್ನು ಮೂರು ವರ್ಷ ಗಮನಿಸಿದ್ದರು. ಬರೀ ಮಾಮೂಲಿ ಸಲಹೆ ಸಿಕ್ಕವರಲ್ಲಿ 100ಕ್ಕೆ 55 ಜನಕ್ಕೆ ಸಕ್ಕರೆ ಕಾಯಿಲೆ ಬಂತು. ನಡಿಗೆ, ಊಟ ಸರಿ ಮಾಡಿಕೊಂಡವರಲ್ಲಿ 39 ಜನಕ್ಕೆ. ಹಾಗೆ ಸರಿ ಮಾಡಿಕೊಂಡವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ, ಆದರೂ ಲಾಭ ಸಿಕ್ಕಿತ್ತು. ತಕ್ಕಡಿ ಏರಿತು ಅಂತ ವಾಕಿಂಗ್ ಬಿಡುವುದು ಎಷ್ಟು ದೊಡ್ಡ ನಷ್ಟ ಅಂತ ಮೇಷ್ಟ್ರಿಗೆ ಬೇರೆ ಹೇಳಬೇಕಾಗಲಿಲ್ಲ.

ಸೆಪ್ಟೆಂಬರಿನಲ್ಲಿ ದಸರಾ ರಜೆಗೆ ತಯಾರಿ ಮಾಡಿದೆವು. ರಜೆಗೆ ಮುಂಚೆ ಒಂದು ಹೊತ್ತೂ ಊಟ ಬಿಡಬಾರದು. ಹೊರಡುವ ದಿನ ತಿಂಡಿ ತಿಂದೇ ಬಸ್ಸು ಹತ್ತಬೇಕು. ಮಧ್ಯಾಹ್ನ ಎರಡಕ್ಕೆ ಹಸಿದು ತಲುಪಿದರೆ ಯಾರಿಗಾದರೂ ಲೆಕ್ಕ ತಪ್ಪುತ್ತೆ. ಕಡುಬು, ಒತ್ತು ಶಾವಿಗೆ, ಕಾಯಿಹಾಲು ಅಲ್ಲಿ ಮಾತ್ರ ಸಿಗುವಂಥವು, ಖುಷಿಯಾಗಿ ತಿನ್ನಿ. ಹಾಸನದ ಯಾವ ಅಂಗಡಿಯಲ್ಲೂ ಸಿಗುವ ಮಿಕ್ಸ್‌ಚರ್, ಸ್ವೀಟ್ ಅಲ್ಲಿ ಯಾಕೆ? ಭಾವಮೈದನ ಜೊತೆ ಸಂಜೆ ಕುಡಿಯೋಕೆ ಕೂರುವುದು ಒಂದೇ ದಿನ ಸಾಕು. ಊಟ ಆದಮೇಲೆ ಹದಿನೈದು ನಿಮಿಷ ನಡೆದರೆ ಸಕ್ಕರೆ ಏರುವುದು ಕಡಿಮೆಯಾಗುತ್ತೆ ಅಂದೆ. "ತೋಟದೊಳಗೆ ಉಂಬಳ, ಮೇಡಂ" ಎಂದರು. ಸರಿ, ಬಸ್ ಸ್ಟಾಪಿನವರೆಗೆ ಟಾರು ರಸ್ತೆಯಲ್ಲಿ ನಡೆಯುವುದು ಅಂತಾಯಿತು. (ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಸಮಯ, ಪ್ರಮಾಣ ಬದಲಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.) ವಾಪಸ್ ಬಂದ ಮಾರನೇ ಬೆಳಿಗ್ಗೆ ಪಾರ್ಕಿಗೆ ಹೋಗಬೇಕು. ತಕ್ಕಡಿ ಹತ್ತುವುದು ಹತ್ತು ದಿನ ಕಳೆದ ಮೇಲೆ.

ಐದನೇ ಕಡುಬು ಮಾತ್ರ ಹಾಗೇ ಉಳಿದಿತ್ತು. ಆ ಮನೆಯಲ್ಲಿ ಅಳಿಯನಿಗೆ ಯಾವಾಗಲೂ ಮೊದಲ ಪಂಕ್ತಿ. ಅತ್ತೆ ಕೊನೆಗೆ, ಅಡಿಗೆಮನೆಯಲ್ಲಿ. "ನೀವು ಅತ್ತೆಯ ಜೊತೆಗೇ ಊಟಕ್ಕೆ ಕೂತ್ಕೊಳ್ಳಿ. ಕೂತವರು ಹಿಂದೆ ನಿಂತು ಬಡಿಸೋಕಾಗಲ್ಲ" ಅಂದೆ. ಎಲ್ಲರಿಗೂ ಬಡಿಸಿದ ಮೇಲೆ ತಳದಲ್ಲಿ ಉಳಿದದ್ದನ್ನು ಆ ಹೆಂಗಸು ಒಬ್ಬರೇ ತಿನ್ನುವುದೂ ನಿಲ್ಲಲಿ ಅಂತ ನನ್ನ ಮನಸ್ಸಿನಲ್ಲಿತ್ತು. ಜೊತೆಗೆ ಶುಗರ್ ವಿಷಯ ಅತ್ತೆಗೆ ನೀವೇ ಬಾಯಿಬಿಟ್ಟು ಹೇಳಿ, ಹೆಂಡತಿ ಕೈಯಲ್ಲಿ ಹೇಳಿಸಬೇಡಿ ಅಂದೆ.

ಹೇಳಿದರಂತೆ. ಹೋದ ದಿನವೇ, ಕಾಫಿ ಕುಡಿಯುವಾಗ. ಅತ್ತೆಗೆ ಸಿಟ್ಟೇ ಬಂತಂತೆ. "ಇಷ್ಟು ವರ್ಷ ಬಾಯಿ ಮುಚ್ಕೊಂಡು ಕೂತಿದ್ರಲ್ಲ! ನಿಮ್ಮ ಮಾವನಿಗೂ ಶುಗರ್ ಇದೆ, ಅವರಿಗೆ ನಾನು ಬಲವಂತ ಮಾಡಿ ಬಡಿಸ್ತೀನಾ?" ಮಾರನೇ ದಿನ ಒಟ್ಟಿಗೆ ಕೂತರು. ಕಡುಬಿನ ಪಾತ್ರೆ ಮಧ್ಯದಲ್ಲಿ. ಮೇಷ್ಟ್ರು ಮೂರು ಹಾಕಿಕೊಂಡರು. ಇನ್ನೊಂದು ಬೇಕು ಅನ್ನಿಸಿ ಅರ್ಧ ಮುರಿದುಕೊಂಡರು. ಎಲೆಯಲ್ಲಿ ಏನೂ ಬಿಡಲಿಲ್ಲ.

ಎಲ್ಲವೂ ಸರಿಹೋಗಿದೆ ಅಂತಲ್ಲ. ಇನ್‌ಸ್ಪೆಕ್ಷನ್ ಇದ್ದ ವಾರ ಮತ್ತೆ ಬೇಕರಿ ಮುಂದೆ ಬೈಕು ನಿಂತಿತ್ತು. ಆದರೆ ಅವತ್ತು ಮನೆಗೆ ಬಂದು ಹೆಂಡತಿಗೆ ಹೇಳಿದ್ದಾರೆ, ಮಾರನೇ ದಿನ ಪಾರ್ಕಿಗೂ ಹೋಗಿದ್ದಾರೆ. ದಸರಾ ರಜೆಗೆ ಹೊರಡುವಾಗ 86.4 ಇದ್ದ ತೂಕ, ವಾಪಸ್ ಬಂದ ಹತ್ತು ದಿನಕ್ಕೆ 86.7. ಬಿಟ್ಟಿದ್ದ ರಕ್ತ ಪರೀಕ್ಷೆಗೂ ಹೋಗಿ ಬಂದರು. ಎಚ್‌ಬಿಎ1ಸಿ 6.0.

ದೀಪಾವಳಿಗೆ ಮುಂಚೆ ಅತ್ತೆ ಫೋನ್ ಮಾಡಿದ್ದರಂತೆ. ಪ್ರತಿ ವರ್ಷ ದೊಡ್ಡ ಡಬ್ಬದ ತುಂಬ ಕಜ್ಜಾಯ ತಾನಾಗಿ ಬರುತ್ತಿತ್ತು. ಈ ಸಲ ಎಷ್ಟು ಕಳಿಸಲಿ ಅಂತ ಕೇಳಿದರು. ಮೇಷ್ಟ್ರು ಎಂಟು ಅಂದರಂತೆ. ಮನೆಯಲ್ಲಿರುವುದು ನಾಲ್ಕು ಜನ.