ದನದ ಹೊಟ್ಟೆಯ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಡವೇ? ಅವುಗಳ ಗುಣವೇನು?

ಬೇಡ ಅನ್ನುವುದಕ್ಕಿಂತ, ಹೆಚ್ಚಿನವಕ್ಕೆ ಅದು ವಿಷ. ಆಮ್ಲಜನಕ ತಾಗಿದರೆ ಜೀವಕೋಶದೊಳಗೆ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಅಪಾಯದ ವಸ್ತುಗಳು ಹುಟ್ಟುತ್ತವೆ. ಅದನ್ನು ಒಡೆಯಲು ನಮ್ಮಲ್ಲಿ ಕ್ಯಾಟಲೇಸ್ ಎಂಬ ಕಿಣ್ವ ಇದೆ. ಇವುಗಳಲ್ಲಿ ಹಲವಕ್ಕೆ ಅದಿಲ್ಲ.

ನಾನು ಇದನ್ನೆಲ್ಲ ಓದಲು ಹೊರಟದ್ದು ನಮ್ಮ ಹಟ್ಟಿಯ ದನ ಸಾಯುವ ಹಾಗಾದಾಗ. ಬ್ರಹ್ಮಾವರದ ಹತ್ತಿರ ನಮ್ಮ ಮನೆ. ಪೂಜೆಯ ಊಟ ಮುಗಿದು ಅನ್ನ ತುಂಬಾ ಉಳಿದಿತ್ತು. ಸುಮ್ನೆ ಬಿಸಾಡುವುದು ಯಾಕೆ ಅಂತ ನಾನೇ ಎರಡು ಬಾಲ್ದಿ ಅನ್ನ ಹಾಕಿದೆ. ಮರುದಿನ ದನ ಮೆಲುಕು ಹಾಕಲಿಲ್ಲ. ಹಲ್ಲು ಕಡಿಯುತ್ತಾ ತಲೆ ತಗ್ಗಿಸಿ ನಿಂತಿತ್ತು.

ದನದ ಹೊಟ್ಟೆಗೆ ನಾಲ್ಕು ಭಾಗ. ಅದರಲ್ಲಿ ದೊಡ್ಡದು ರೂಮೆನ್. ಒಳಗೆ ಸುಮಾರು 39 ಡಿಗ್ರಿ ಬಿಸಿ, ಕತ್ತಲು. ಒಂದು ಮಿಲಿಲೀಟರ್ ರಸದಲ್ಲಿ ಸುಮಾರು 1000 ಕೋಟಿ ಬ್ಯಾಕ್ಟೀರಿಯಾ. ಮೇವಿನ ಜೊತೆ ಸ್ವಲ್ಪ ಗಾಳಿ ಒಳಗೆ ಹೋಗುತ್ತದೆ, ಆದರೆ ಗೋಡೆಗೆ ಅಂಟಿಕೊಂಡ ಕೆಲವು ಬ್ಯಾಕ್ಟೀರಿಯಾಗಳು ಆ ಆಮ್ಲಜನಕವನ್ನು ಬೇಗನೆ ಮುಗಿಸಿಬಿಡುತ್ತವೆ. ಫೈಬ್ರೋಬ್ಯಾಕ್ಟರ್, ರೂಮಿನೋಕಾಕಸ್ ಅನ್ನುವವು ಬೈಹುಲ್ಲಿನ ನಾರಿಗೆ ಅಂಟಿ ಕೂತು ಅದನ್ನು ಒಡೆಯುತ್ತವೆ. ದನಕ್ಕೆ ಸ್ವಂತವಾಗಿ ಆ ಶಕ್ತಿ ಇಲ್ಲ. ಆಮ್ಲಜನಕ ಇಲ್ಲದ ಕಾರಣ ಅವಕ್ಕೆ ನಾರಿನಿಂದ ಸಿಗುವ ಶಕ್ತಿ ಸ್ವಲ್ಪವೇ. ಉಳಿದದ್ದು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳಾಗಿ ಹೊರಬರುತ್ತದೆ. ದನ ಬದುಕುವುದು ಮುಖ್ಯವಾಗಿ ಅದರ ಮೇಲೆಯೇ! ಮುಂದಕ್ಕೆ ಹರಿದುಹೋದ ಬ್ಯಾಕ್ಟೀರಿಯಾಗಳೂ ಜೀರ್ಣವಾಗಿ ಅದಕ್ಕೆ ಪ್ರೋಟೀನ್ ಆಗುತ್ತವೆ. ಮೀಥೇನ್ ಮಾಡುವುದು ಮಾತ್ರ ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆ ಜೀವಿಗಳು. ಅದು ಹೆಚ್ಚಾಗಿ ತೇಗಿನಲ್ಲಿ ಹೋಗುತ್ತದೆ.

ಅನ್ನದ ಪಿಷ್ಟ ಒಮ್ಮೆಲೇ ಬಿದ್ದರೆ ಸ್ಟ್ರೆಪ್ಟೋಕಾಕಸ್ ಬೋವಿಸ್ ಎಂಬುದು ಜೋರಾಗಿ ಬೆಳೆದು ಲ್ಯಾಕ್ಟಿಕ್ ಆಮ್ಲ ಸುರಿಯುತ್ತದೆ. ಹೊಟ್ಟೆ ಹುಳಿಯಾಗಿ ನಾರು ಒಡೆಯುವವು ಸಾಯುತ್ತವೆ. ನಮ್ಮ ದನಕ್ಕೆ ಆದದ್ದು ಅದೇ.

ಡಾಕ್ಟರು ಬಂದು ಹುಳಿ ತಗ್ಗಲು ಅಡುಗೆ ಸೋಡಾ ಕುಡಿಸಿದರು. ಆಮೇಲೆ ಪಕ್ಕದ ಮನೆಯ ಗಟ್ಟಿ ದನದ ಹೊಟ್ಟೆಯಿಂದ ಟ್ಯೂಬ್ ಹಾಕಿ ರಸ ತೆಗೆದರು. ಅದರ ಬ್ಯಾಕ್ಟೀರಿಯಾ ನಮ್ಮ ದನದ ಹೊಟ್ಟೆ ಸೇರಲಿ ಅಂತ ನಾನು ಅದನ್ನು ಥರ್ಮಾಸ್ ಫ್ಲಾಸ್ಕಿನಲ್ಲಿ ತಂದೆ. ಬಾಯಿವರೆಗೆ ತುಂಬಿಸಿ ಅಂದಿದ್ದರು, ಒಳಗೆ ಗಾಳಿಗೆ ಜಾಗ ಇರಬಾರದು, ತಣಿಯಲೂಬಾರದು ಅಂತ. ಯಾಕೆ ಅಂತ ನನಗೆ ಆಗ ಅರ್ಥವಾಗಿರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಹಟ್ಟಿಗೆ ಹೋದರೆ ದನ ಮಲಗಿಕೊಂಡು ಮೆಲುಕು ಹಾಕುತ್ತಿತ್ತು.